ಬೀಗತಿಯ ಹೆಸರು ಹಿಡಿದು ಹಾಡಿದ ಮಳೆಗಾಲ

ಮೊನ್ನೆ ಇಂಡಿ ಊರಿನ ನಮ್ಮ ಬಾಡಿಗೆ ಮನೆಯಲ್ಲಿ ಹೆಂಡತಿ ಹೊದೆಯುವ ಎರಡು ಕೌದಿ ಒಗೆದು ಹಿತ್ತಲ ತಂತಿಯ ಮೇಲೆ ಹಾಕಿದ್ದಳು. ಆಷಾಢದ ಜಿಟಿಜಿಟಿ ಮಳೆ. ಬಿಸಿಲು ಬಿದ್ದ ಹಾಗೆ ಮಾಡಿ ಓಡಿಹೋಗುತ್ತಿತ್ತು. ಕೌದಿ ಒಣಗಲೇ ಇಲ್ಲ. ಸಂಜೆ ಅವನ್ನು ಒಳಗೆ ತಂದು ಕುರ್ಚಿಯ ಮೇಲೆ ಹರವಿದಾಗ ಆ ಹಸಿ ಅರಿವೆಯ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು ನೋಡಿ, ನನ್ನ ಎರಡೂ ಕಿವಿ ಬಿಸಿಯಾದವು.

"ಯಾಕ್ರಿ, ಮಾರಿ ಹಿಂಗ್ಯಾಕ ಕೆಂಪಾತು? ಜ್ವರಾ ಬಂದಾವೇನು?" ಎಂದು ಹೆಂಡತಿ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ. ನಾಚಿಕೆಯಾಗಿತ್ತು. ಇಷ್ಟು ವರ್ಷವಾದರೂ ಆ ವಾಸನೆ ಬಂದರೆ ಸಾಕು, ನನಗೆ ಎಲ್ಲಾದರೂ ಹೋಗಿ ಮುಖ ಮುಚ್ಚಿಕೊಂಡು ಕೂರಬೇಕು ಅನ್ನಿಸುತ್ತದೆ. ಒಂದು ಮಳೆಗಾಲವಿಡೀ ನಾನು ಮಾಡಿಕೊಂಡ ಫಜೀತಿ ಅಂಥದ್ದು.

ಅದು ಬಸವನ ಬಾಗೇವಾಡಿಯ ರೇಡಿಯೋ ಆಫೀಸಿನ ವಾಸನೆ. ಬಿ.ಎಡ್. ಮುಗಿಸಿ ನೌಕರಿಯ ಆದೇಶ ಯಾವಾಗ ಬಂದೀತೆಂದು ದಾರಿ ನೋಡುತ್ತಿದ್ದ ವರ್ಷ ನಾನು ಅಲ್ಲಿ ದುಡಿದೆ. ಬಜಾರದ ಹಿಂದೆ ಒಂದು ಹಳೆಯ ಹತ್ತಿ ಗೋದಾಮು. ಅದರ ಅರ್ಧದಲ್ಲಿ ನಮ್ಮ ಸಮುದಾಯ ರೇಡಿಯೋ, ಇನ್ನರ್ಧದಲ್ಲಿ ಇಲಿಗಳು. ಜಾಹೀರಾತು ಇಲ್ಲ, ಸಿನಿಮಾ ಹಾಡು ಇಲ್ಲ. ಸುತ್ತಲಿನ ಹಳ್ಳಿಗಳ ಜನ ಹಾಡುವ ಪದಗಳೇ ನಮ್ಮ ಬಂಡವಾಳ. ಕಣದಲ್ಲಿ ರಾಶಿ ಮಾಡುವಾಗಿನ ಹಂತಿ ಪದ, ಬೀಸುವ ಪದ, ಮೊಹರಮ್ಮಿನ ರಿವಾಯತ, ಭಜನೆಯವರ ತತ್ವಪದ, ಹೀಗೆ. ಗೋಡೆಗೆ ಹಚ್ಚುವ ಸ್ಪಂಜು ತರುವುದು ನಮ್ಮಿಂದ ನೀಗದ ಮಾತು. ಆದರೆ ಹಾಗೇ ಬಿಟ್ಟರೆ ಗೋದಾಮಿನಲ್ಲಿ ಒಂದು ಮಾತಾಡಿದರೆ ನಾಲ್ಕು ಮಾತು ಕೇಳಿಸುತ್ತಿತ್ತು. ಕೊನೆಗೆ ಓಣಿಯ ಹೆಣ್ಣುಮಕ್ಕಳು ಮನೆಮನೆಯಿಂದ ಹಳೆಯ ಕೌದಿ ಕೊಟ್ಟರು. ಮೊಳೆ ಹೊಡೆದು ನಾಲ್ಕೂ ಗೋಡೆಗೆ ತೂಗುಹಾಕಿದೆವು. ಮಳೆ ಹಿಡಿಯಿತೆಂದರೆ ತಗಡಿನ ಸಂದಿಯಿಂದ ನೀರು ಇಳಿದು ಅವೆಲ್ಲ ಹಸಿಯಾಗುತ್ತಿದ್ದವು. ಮೈಕಿನ ಮುಂದೆ ಕುಳಿತವರಿಗೆ ಯಾರದೋ ಬಾಣಂತಿ ಕೋಣೆಯಲ್ಲಿ ಕುಳಿತ ಹಾಗೆ ಆಗುತ್ತಿತ್ತು.

ರೇಡಿಯೋದ ಹಿರಿಯರು ರುದ್ರಪ್ಪ ಮಾಸ್ತರ, ನಿವೃತ್ತ ಕನ್ನಡ ಮಾಸ್ತರರು. ಹಾಡುವವರು ಸಿಕ್ಕಿದರೆ ಊಟ ಮರೆಯುವ ಮನುಷ್ಯ. ಯಂಕಂಚಿಯಲ್ಲಿ ಯಾರೋ ಮುದುಕಿಗೆ ಬೀಸುವ ಪದ ಬರುತ್ತವೆ ಅಂದರೆ ಸಿಂದಗಿ ಬಸ್ಸು ಹತ್ತಿಬಿಡುವವರು. ಮುದ್ದೇಬಿಹಾಳದ ಕಡೆ ಭಜನೆ ಮೇಳ ಇದೆ ಅಂದರೆ ಅಲ್ಲಿಗೂ ಸೈ. ಮಷೀನು ನೋಡಿಕೊಳ್ಳುವವನು ಮೈಬೂಬ. ಬಸ್‌ಸ್ಟ್ಯಾಂಡಿನ ಹತ್ತಿರ ಅವನದು ಮೊಬೈಲ್ ರಿಪೇರಿ ಅಂಗಡಿ. ಸಂಜೆ ಶಟರ್ ಎಳೆದು ನಮ್ಮಲ್ಲಿಗೆ ಬರುತ್ತಿದ್ದ. ಉಳಿದದ್ದೆಲ್ಲ ನಾನು. ಹಾಡಿಸುವುದು, ಬೇಕಾದ್ದು ಇಟ್ಟುಕೊಂಡು ಬೇಡಾದ್ದು ಕತ್ತರಿಸುವುದು, ನಡುನಡುವೆ ಮಾತಾಡುವುದು.

ಮಾತಾಡುವುದೆಂದರೆ ನನಗೆ ಎಲ್ಲಿಲ್ಲದ ಹುರುಪು. "ನಮಸ್ಕಾರ್ರಿ, ನಾನು ನಿಮ್ಮ ಬಸು" ಅಂದರೆ ಸಾಕು, ಆಕಾಶ ಚೊಕ್ಕ ಇದ್ದ ದಿನ ಮನಗೂಳಿಯ ತನಕ ಜನ ಕೇಳುತ್ತಿದ್ದರು. ಚಹಾದ ಅಂಗಡಿಯವನು ದನಿ ಗುರುತು ಹಿಡಿದು ಕುರ್ಚಿ ಒರೆಸಿ ಕೊಡುತ್ತಿದ್ದ. ಅಪ್ಪನ ಕಿರಾಣಿ ಅಂಗಡಿಗೆ ಬಂದ ಹೆಂಗಸರು "ರೇಡಿಯೋದ ಬಸು ನಿಮ್ಮ ಮಗನ ಹೌದಲ್ರೀ?" ಎಂದು ಕೇಳುತ್ತಿದ್ದರು. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ ಅಂತಲೇ ಹೇಳಬೇಕು. ಏನು ಆದರೂ ನಾಲ್ಕು ಮಾತು ಮೈಕಿನಲ್ಲಿ ಹೇಳಿಬಿಟ್ಟರೆ ಸರಿಹೋಗುತ್ತದೆ ಎಂಬ ಹುಚ್ಚು ನಂಬಿಕೆ ಆಗಲೇ ನನ್ನ ತಲೆಯೊಳಗೆ ಹೊಕ್ಕಿತ್ತು.

ಆ ವರ್ಷ ಬೇಸಿಗೆಯಲ್ಲಿ ನನ್ನ ತಂಗಿ ಸುವರ್ಣಾಳ ಮದುವೆಯಾಯಿತು. ಮನಗೂಳಿ ಕಡೆಯ ಒಂದು ಹಳ್ಳಿಗೆ ಕೊಟ್ಟೆವು. ಹುಡುಗ ಪ್ರಕಾಶ ಸೊಸೈಟಿಯಲ್ಲಿ ಕೆಲಸಕ್ಕಿದ್ದ, ಒಳ್ಳೆಯ ಮನುಷ್ಯ. ಅವನ ತಾಯಿ ಸಾವಂತ್ರವ್ವ ಗಂಡನನ್ನು ಕಳೆದುಕೊಂಡ ಮೇಲೆ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿ ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದಾಕೆ. ಎತ್ತರದ ಆಳು, ದೊಡ್ಡ ದನಿ. ಹಾಡುವುದರಲ್ಲೂ ಎತ್ತಿದ ಕೈ ಅಂತ ಆ ಕಡೆಯವರು ಹೇಳುತ್ತಿದ್ದರು.

ನಮ್ಮ ಅವ್ವ ನೀಲವ್ವನೂ ಹಾಡುವವಳೇ. ನಮ್ಮ ಕಡೆ ಮದುವೆಯೆಂದರೆ ಬೀಗರ ಹಾಡು ಇರಬೇಕು. ಗಂಡಿನ ಕಡೆಯ ಹೆಂಗಸರು ಒಂದು ಸಾಲು, ಹೆಣ್ಣಿನ ಕಡೆಯವರು ಇನ್ನೊಂದು ಸಾಲು ಕುಳಿತು ಒಬ್ಬರನ್ನೊಬ್ಬರು ಹಾಡಿನಲ್ಲೇ ಜಾಡಿಸುತ್ತಾರೆ. ಬೀಗತಿ ಹೊಟ್ಟೆಬಾಕಿ, ಬೀಗತಿ ಕಳ್ಳಿ, ಬೀಗತಿ ಗೊರಕೆ ಹೊಡೆದರೆ ಚಪ್ಪರ ಬೀಳುತ್ತದೆ, ಹೀಗೆಲ್ಲ. ಸುಮ್ಮಸುಮ್ಮನೆ ಯಾವುದೋ ಹೆಸರು ಹಾಕುವ ಹಾಗಿಲ್ಲ. ಎದುರಿಗೆ ಕುಳಿತ ಬೀಗತಿಯ ಹೆಸರೇ ಹಿಡಿದು ಹಾಡಬೇಕು. ಆಕೆ ಕೇಳಿಸಿಕೊಂಡು ನಕ್ಕು, ಅದಕ್ಕಿಂತ ಒಂದು ಕೈ ಮೇಲಾದ ಪದ ಕಟ್ಟಿ ತಿರುಗಿ ಹೊಡೆಯುತ್ತಾಳೆ. ಅಲ್ಲಿಗೆ ಲೆಕ್ಕ ಚುಕ್ತಾ. ಅವ್ವ ತಿಂಗಳ ಮೊದಲಿನಿಂದ ಪಾತ್ರೆ ತಿಕ್ಕುವಾಗಲೂ ಪದ ಕಟ್ಟಿಕೊಳ್ಳುತ್ತಿದ್ದಳು. ಆದರೆ ಮದುವೆ ದಿನ ಮಂಗಲ ಕಾರ್ಯಾಲಯದಲ್ಲಿ ನಮ್ಮ ಕಾಕಾನ ಮಗ ಡಿ.ಜೆ. ತರಿಸಿಬಿಟ್ಟ. ಎದೆಯೊಳಗೆ ಗುದ್ದುವ ಸಪ್ಪಳ. ಹೆಂಗಸರು ಎರಡು ಸಲ ಬಾಯಿ ತೆರೆದು, ತಮ್ಮ ದನಿ ತಮಗೇ ಕೇಳದೆ, ಎದ್ದು ಊಟಕ್ಕೆ ಹೋದರು. ಅವ್ವನ ಪದ ಹೊಟ್ಟೆಯಲ್ಲೇ ಉಳಿದವು.

ಆಷಾಢಕ್ಕೆ ಸುವರ್ಣಾ ತವರಿಗೆ ಬಂದಳು. ಮದುವೆಯಾದ ಮೊದಲ ಆಷಾಢ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದಲ್ಲ. ಪಂಚಮಿ ಮುಗಿಸಿಕೊಂಡು, ಗಂಡನ ಮನೆಯವರು ಬಂದು ಕರೆದಾಗ ಹೋಗುವುದು ರೂಢಿ. ಅದೇ ಹೊತ್ತಿಗೆ ರುದ್ರಪ್ಪ ಮಾಸ್ತರರಿಗೆ ಒಂದು ವಿಚಾರ ಹೊಳೆಯಿತು. "ಆಷಾಢದಾಗ ಮದುವಿ ಇಲ್ಲ, ಹಾಡಿಲ್ಲ, ಊರು ಬಣಬಣ ಅಂತೈತಿ. ನಾವು ರೇಡಿಯೋದಾಗ ಮದುವಿ ಹಾಡು ಹಾಕೂಣು. ಬಸು, ನಿಮ್ಮವ್ವನ್ನ ಕರಕೊಂಡು ಬಾ" ಅಂದರು.

ಅವ್ವ ಓಣಿಯ ಆರೇಳು ಹೆಂಗಸರನ್ನು ಕಟ್ಟಿಕೊಂಡು ಬಂದಳು. ಸುವರ್ಣಾಳೂ ಬಂದಳು. ಮೊದಲು ಎಣ್ಣೆ ಹಚ್ಚುವ ಹಾಡು, ಸುರಗಿ ನೀರೆರೆಯುವ ಹಾಡು ಎಲ್ಲ ಗಂಭೀರವಾಗಿ ಆದವು. ಮೈಕು ನೋಡಿ ಅವ್ವ ಶಾಲೆಯ ಮಗುವಿನ ಹಾಗೆ ಕೈ ಕಟ್ಟಿ ಕುಳಿತಿದ್ದಳು. ನನಗೆ ಅದು ಸಪ್ಪೆ ಅನ್ನಿಸಿತು. "ಅವ್ವಾ, ಹಿಂಗ ಬಿಗದು ಕುಂತ್ರ ಹೆಂಗ? ಬೀಗರ ಹಾಡು ಒಂದು ಬಿಡು" ಅಂದೆ. ಅಷ್ಟು ಅಂದದ್ದೇ ತಡ. ಅವ್ವ ಸೆರಗು ಸಿಗಿಸಿಕೊಂಡು, ಮದುವೆ ದಿನ ಹೊಟ್ಟೆಯಲ್ಲೇ ಉಳಿದಿದ್ದನ್ನು ಹೊರಗೆ ಬಿಟ್ಟಳು:

ಹತ್ತು ಹೋಳಿಗಿ ತಿಂದು ಹಸದೀನಿ ಅಂತಾಳ
ತುಪ್ಪದ ಗಿಂಡಿ ಸೆರಗಾಗ ಮುಚ್ಚ್ಯಾಳ
ಮನಗೂಳಿ ಕಡಿ ಬೀಗತಿ ಸಾವಂತ್ರಿ, ನಿನ್ನ
ಸೆರಗ್ಯಾಕ ಜಿಡ್ಡಾತ ಹೇಳವ್ವ?

ಹೆಂಗಸರೆಲ್ಲ ಹೋ ಎಂದು ಚಪ್ಪಾಳೆ ತಟ್ಟಿದರು. ಸುವರ್ಣಾ ಬಾಯಿಗೆ ಸೆರಗು ಒತ್ತಿಕೊಂಡು ತಡೆದಳು, ತಡೆದಳು, ಆಮೇಲೆ ತಡೆಯಲಾಗದೆ ಖಿಲ್ಲನೆ ನಕ್ಕಳು. ಮಾಸ್ತರರು ಕಣ್ಣೊರೆಸಿಕೊಂಡು ನಕ್ಕರು. ಹಾಡು ಮುಗಿದ ಮೇಲೆ ಮೈಬೂಬ, "ಬಸಣ್ಣ, ತಂಗಿ ನಗು ಬಂದೈತಿ, ತಗೀಲೇನು?" ಎಂದು ಕೇಳಿದ. "ಹುಚ್ಚ ಅದಿಯೇನು? ಹಾಡಿಗೆ ಜೀವಾ ಬಂದದ್ದ ಆ ನಗುವಿಂದ. ಇರ್ಲಿ ಬಿಡು" ಅಂದೆ.

ನಮ್ಮಲ್ಲಿ ಯಾರಿಗೂ ತಪ್ಪು ಅನ್ನಿಸಲಿಲ್ಲ ನೋಡಿ. ಬೀಗರ ಹಾಡಿಗೆ ಹೆಸರಿಲ್ಲದಿದ್ದರೆ ಅದು ಹಾಡೇ ಅಲ್ಲ. ಎದುರಿಗೆ ಕುಳಿತು ತಿರುಗಿ ಹೊಡೆಯಲು ಸಾವಂತ್ರವ್ವ ಆ ಗೋದಾಮಿನಲ್ಲಿ ಇಲ್ಲ ಎಂಬುದು ಒಬ್ಬರಿಗೂ ಹೊಳೆಯಲಿಲ್ಲ.

ಹಾಡು ರೇಡಿಯೋದಲ್ಲಿ ಹೋಯಿತು. ಕೇಳಿದವರು ಮತ್ತೆ ಹಾಕಿ ಅಂದರು. ಮತ್ತೆ ಹಾಕಿದೆ, ಮರುವಾರವೂ ಹಾಕಿದೆ. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ವಾಟ್ಸಾಪಿಗೆ ಬಿಟ್ಟರು. ರೇಡಿಯೋ ಮುಟ್ಟದ ಊರುಗಳಿಗೂ ಅದು ಮುಟ್ಟಿತು. ತಾಂಬಾದಲ್ಲಿರುವ ನನ್ನ ಗೆಳೆಯನೊಬ್ಬ ಫೋನ್ ಮಾಡಿ "ಏನಲೇ, ನಿಮ್ಮವ್ವ ಭಾರಿ ಹಾಡ್ಯಾಳಲ್ಲ!" ಅಂದ. ನಾನು ಉಬ್ಬಿಹೋದೆ.

ಆಷಾಢ ಮುಗಿಯುವ ಹೊತ್ತಿಗೆ ಪ್ರಕಾಶ ಭಾವನ ಫೋನ್ ಬಂತು. ಸುವರ್ಣಾಳ ಜೊತೆ ಮಾತಾಡಿ ನನಗೆ ಕೊಡಿಸಿದ. "ಬಸು, ಇಲ್ಲಿ ಹುಡುಗ್ರೆಲ್ಲಾ ಫೋನಿನ್ಯಾಗ ನಿಮ್ಮ ಹಾಡು ಹಚ್ಚಿ ಹಚ್ಚಿ ನಗಾಕತ್ತಾರ."

"ಮತ್ತ ಅತ್ತಿ ಏನಂದ್ರು?"

"ಅವ್ವ ಏನೂ ಅಂದಿಲ್ಲ. ಹಾಡು ಕೇಳಿದಾಗಿಂದ ಮಾತ ಕಡಿಮಿ ಮಾಡ್ಯಾಳ. ಏನೋ ವಿಚಾರ ಮಾಡಿಕೋತ ಕುಂದರತಾಳ."

ಫೋನ್ ಇಟ್ಟ ಮೇಲೆ ನಾನು ಲೆಕ್ಕ ಹಾಕತೊಡಗಿದೆ. ಸಿಟ್ಟಾಗಿ ಬೈದಿದ್ದರೆ ನಿಶ್ಚಿಂತೆ. ಏನೂ ಅನ್ನದೆ ಕೂತಿದ್ದಾಳೆ ಅಂದರೆ ಒಳಗೆ ಎಷ್ಟು ಬೆಂದಿರಬೇಕು! ಅದೂ ಬಿಸಿಯೂಟದ ಕೆಲಸದಾಕೆ. ತುಪ್ಪದ ಗಿಂಡಿ ಸೆರಗಿನಲ್ಲಿ ಮುಚ್ಚಿಕೊಂಡಳು ಅಂದರೆ ಜನ ಏನು ತಿಳಿಯಬೇಕು? ನಾಳೆ ಸುವರ್ಣಾಳನ್ನು ಕರೆಯಲು ಬರದೆ ಹೋದರೆ? ಇದೆಲ್ಲ ನನ್ನ ತಲೆಯೊಳಗೆ ನಾನೇ ಕಟ್ಟಿಕೊಂಡದ್ದು. ಆ ಊರಿಗೆ ಬಸ್ಸು ಇತ್ತು, ಫೋನು ಇತ್ತು. ಹೋಗಿ ಒಂದು ಮಾತು ಕೇಳಬಹುದಿತ್ತು. ನಾನು ಮೈಕಿನ ಕಡೆ ಓಡಿದೆ.

ರೇಡಿಯೋದಲ್ಲೇ ತಪ್ಪೊಪ್ಪಿಗೆ ಓದಿಬಿಡುತ್ತೇನೆ ಅಂದೆ. ಮಾಸ್ತರರೂ ಹೂಂ ಅಂದರು. ಸುವರ್ಣಾ ಮಾತ್ರ ಬೇಡ ಅಂದಳು. "ಅಣ್ಣಾ, ಮೊದ್ಲ ಅತ್ತಿಗೆ ಒಂದು ಫೋನ್ ಹಚ್ಚು. ನಾನ ಮಾತಾಡ್ತೇನಿ ಬೇಕಾದ್ರ."

"ನಿನಗ ತಿಳಿಯೂದಿಲ್ಲ. ನಾಕ ಮಂದಿ ಮುಂದ ಮಾನಾ ಹೋದ್ರ ನಾಕ ಮಂದಿ ಮುಂದನ ತಿರುಗಿ ಕೊಡಬೇಕು" ಅಂದೆ. ದೊಡ್ಡ ಪಂಡಿತ ನಾನು!

ಬರೆದೆ. ಬಿ.ಎಡ್. ಕನ್ನಡದಲ್ಲಿ ಬರೆದೆ. ಅದನ್ನು ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. "ಇತ್ತೀಚೆಗೆ ನಮ್ಮ ಕೇಂದ್ರದಿಂದ ಪ್ರಸಾರವಾದ ಬೀಗರ ಹಾಡಿನಲ್ಲಿ, ತುಪ್ಪದ ಗಿಂಡಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡರೆಂದು ಹೇಳಲಾದ ಶ್ರೀಮತಿ ಸಾವಂತ್ರವ್ವನವರು ಅಂಥವರಲ್ಲ. ಶಾಲೆಯ ಬಿಸಿಯೂಟದ ಅಡುಗೆಯವರಾದ ಅವರು ಎಣ್ಣೆ, ಬೇಳೆ ಮುಂತಾದವುಗಳ ವಿಷಯದಲ್ಲಿ ಅತ್ಯಂತ ಪ್ರಾಮಾಣಿಕರೆಂಬುದನ್ನು ಕೇಳುಗರ ಗಮನಕ್ಕೆ ತರುತ್ತೇವೆ." ಇಷ್ಟು ಸಾಲದು ಎಂದು ಸುವರ್ಣಾಳನ್ನೂ ಕೂರಿಸಿ, ಕೈಗೆ ಕಾಗದ ಕೊಟ್ಟು ಓದಿಸಿದೆ: "ಪೂಜ್ಯ ಅತ್ತೆಯವರೇ, ಹಾಡಿನ ಸಮಯದಲ್ಲಿ ನಾನು ನಕ್ಕಿದ್ದಕ್ಕಾಗಿ ಕ್ಷಮೆಯಾಚಿಸುತ್ತೇನೆ." ಓದುವಾಗ ಅವಳ ದನಿ ನಡುಗಿತು. ಅದೂ ಚೆನ್ನಾಗಿ ಬಂದಿದೆ ಅಂದುಕೊಂಡೆ. ಪಂಚಮಿಯ ವಾರವಿಡೀ ಬೆಳಿಗ್ಗೆ ಸಂಜೆ ಹಾಕಿದೆ.

ಪಂಚಮಿ ಬಂತು. ಅವ್ವ ಎಳ್ಳಿನ ಉಂಡೆ, ಶೇಂಗಾದ ಉಂಡೆ, ರವೆ ಉಂಡೆ ಕಟ್ಟಿದಳು. ಬೇವಿನ ಗಿಡಕ್ಕೆ ಜೋಕಾಲಿ ಬಿದ್ದವು. ಓಣಿಯ ಹೆಣ್ಣುಮಕ್ಕಳೆಲ್ಲ ಜೀಕಿದರು, ಸುವರ್ಣಾಳೂ ಜೀಕಿದಳು. ಹಬ್ಬ ಮುಗಿಯಿತು. ಉಳಿದ ಮನೆಗಳ ಹೊಸ ಮದುವಣಗಿತ್ತಿಯರನ್ನು ಕರೆಯಲು ಒಬ್ಬೊಬ್ಬರೇ ಬಂದರು. ನಮ್ಮ ಬಾಗಿಲಿಗೆ ಯಾರೂ ಬರಲಿಲ್ಲ. ಸುವರ್ಣಾ ಫೋನ್ ಮಾಡಿದರೆ ಪ್ರಕಾಶ "ಈಗ ಗದ್ದಲದಾಗ ಅದೇನಿ, ಆಮ್ಯಾಲೆ ಮಾಡ್ತೇನಿ" ಅನ್ನುತ್ತಿದ್ದ. ಆಮೇಲೆ ಮಾಡುತ್ತಿರಲಿಲ್ಲ.

ಶ್ರಾವಣ ಸೋಮವಾರಗಳು ಒಂದೊಂದಾಗಿ ಕಳೆದವು. ಅಪ್ಪನ ಅಂಗಡಿಗೆ ಬಂದವರು ಸಕ್ಕರೆ ಕಟ್ಟಿಸಿಕೊಳ್ಳುತ್ತ "ಸುವರ್ಣಾ ಇನ್ನೂ ಇಲ್ಲೇ ಅದಾಳಲ್ಲ?" ಅನ್ನತೊಡಗಿದರು. ಅಪ್ಪ ತಕ್ಕಡಿಯಿಂದ ತಲೆ ಎತ್ತುತ್ತಿರಲಿಲ್ಲ. ಬುತ್ತಿಗೆಂದು ಬಡಿದಿಟ್ಟ ಸಜ್ಜೆ ರೊಟ್ಟಿ ಮೆತ್ತಗಾದವು. ಅವ್ವ ಅವನ್ನು ಆಕಳಿಗೆ ಹಾಕಿ ಮತ್ತೆ ಹೊಸದಾಗಿ ಬಡಿದಳು, ಯಾವ ಹೊತ್ತಿಗೆ ಬಂದರೂ ಬುತ್ತಿ ಇಲ್ಲ ಅನ್ನಿಸಬಾರದೆಂದು. ಸುವರ್ಣಾ ತನ್ನ ಚೀಲ ತುಂಬಿ ಬಾಗಿಲ ಹಿಂದೆ ಇಟ್ಟಿದ್ದಳು. ನನ್ನ ಜೊತೆ ಮಾತು ಬಿಟ್ಟಿದ್ದಳು. ಊಟಕ್ಕೆ ಬಡಿಸಿ, ಬೇಕೋ ಬೇಡವೋ ಕೇಳದೆ ಒಳಗೆ ಹೋಗುತ್ತಿದ್ದಳು. ಇಷ್ಟರ ನಡುವೆಯೂ ನಾನು ದಿನಾ ಹೋಗಿ "ನಮಸ್ಕಾರ್ರಿ, ನಾನು ನಿಮ್ಮ ಬಸು" ಅನ್ನುತ್ತಿದ್ದೆ.

ಕೊನೆಗೆ ಒಂದು ದಿನ ಪ್ರಕಾಶನೇ ಫೋನ್ ಮಾಡಿ ಎಲ್ಲ ಹೇಳಿದ. ರೇಡಿಯೋದವರು ಯಾಕೆ ಸಾವಂತ್ರವ್ವ ಕಳ್ಳಿಯಲ್ಲ ಅಂತ ದಿನಕ್ಕೆರಡು ಸಲ ಸಾರುತ್ತಿದ್ದಾರೆ ಎಂದು ಊರಿನಲ್ಲಿ ಮಾತು ಶುರುವಾಯಿತಂತೆ. ಏನೋ ಇಲ್ಲದೆ ಹೀಗೆ ಹೇಳುತ್ತಾರೆಯೇ ಎಂದು ಒಬ್ಬರು, ಎಣ್ಣೆ ಬೇಳೆ ಅಂತ ಬಿಡಿಸಿ ಹೇಳಿದ್ದಾರಲ್ಲ ಎಂದು ಇನ್ನೊಬ್ಬರು. ಒಂದು ಮಧ್ಯಾಹ್ನ ಅಡುಗೆ ಮುಗಿಸಿ ಮನೆಗೆ ಹೊರಟಾಗ ಶಾಲೆಯ ಸಮಿತಿಯವನೊಬ್ಬ ಗೇಟಿನಲ್ಲಿ ನಿಲ್ಲಿಸಿ, ಮಕ್ಕಳೆಲ್ಲ ನೋಡುತ್ತಿದ್ದಂತೆ, ಆಕೆಯ ಕೈಚೀಲ ತೆಗೆದು ನೋಡಿದ್ದ. ಒಳಗೆ ಒಂದು ಒದ್ದೆ ಟವೆಲು, ಎಲೆ ಅಡಿಕೆ ಇತ್ತು. ಸಾವಂತ್ರವ್ವ ಮರುದಿನದಿಂದ ಶಾಲೆಗೆ ಹೋಗಲಿಲ್ಲ. ಹೆಡ್‌ಮಾಸ್ತರರು ಮನೆಗೆ ಬಂದು ಕರೆದರೂ ಹೋಗಲಿಲ್ಲ.

"ಅವ್ವ ಓಣ್ಯಾಗನೂ ಹೊರಗ ಬರೂದಿಲ್ಲ ಬಸು. ಇಂಥಾದ್ರಾಗ ಸುವರ್ಣಾನ್ನ ಕರಿಯಾಕ ಹೆಂಗ ಬರ್ಲಿ, ಹೇಳು" ಅಂದ ಪ್ರಕಾಶ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಅಳು ಇತ್ತು.

ಮರುದಿನ ಮನಗೂಳಿ ಬಸ್ಸು ಹತ್ತಿದೆ. ಅಲ್ಲಿಳಿದು ಟಂಟಂ ಹಿಡಿದು ಆ ಹಳ್ಳಿಗೆ ಹೋದೆ. ಎರೆ ಹೊಲಗಳಲ್ಲಿ ತೊಗರಿ ಮೊಣಕಾಲುದ್ದ ಬಂದಿತ್ತು. ಡ್ರೈವರ್ "ನಿಮ್ಮ ದನಿ ಎಲ್ಲೋ ಕೇಳೇನಲ್ರಿ" ಅಂದ. "ಇಲ್ಲಪ, ನಾ ಆಂವಲ್ಲ" ಅಂದೆ. ಅಷ್ಟು ದಿನ ಆ ಮಾತಿಗಾಗಿ ಬಾಯಿ ಬಿಡುತ್ತಿದ್ದವನು ನಾನು.

ಸಾವಂತ್ರವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದಳು. ನನ್ನನ್ನು ನೋಡಿ ಮೊರ ಪಕ್ಕಕ್ಕಿಟ್ಟಳು. "ಬಾರಪ, ಕುಂದರು. ನೀರು ಕುಡಿ" ಎಂದು ಎದ್ದು ತಂಬಿಗೆ ತಂದು ಕೊಟ್ಟಳು. ಮದುವೆಯಲ್ಲಿ ನೋಡಿದ್ದ ಆ ದೊಡ್ಡ ದನಿ ಎಲ್ಲೋ ಹೋಗಿತ್ತು. ನಾನು ಕಾಲು ಮುಟ್ಟಿದೆ.

"ಅತ್ತಿ, ನಮ್ಮದು ತಪ್ಪಾತ್ರಿ."

"ಯಾವುದು ತಪ್ಪು? ನಿಮ್ಮವ್ವ ಹಾಡಿದ್ದೋ, ನೀ ಹೇಳಿದ್ದೋ?"

ನಾನು ಕಣ್ಣು ಪಿಳಿಪಿಳಿ ಬಿಟ್ಟೆ.

"ಹಾಡು ಕೇಳಿ ನಾ ಎಷ್ಟು ನಕ್ಕೇನಿ, ಸಾಲಿ ಮಂದೀನ ಕೇಳು. ಸಾಲ್ಯಾಗ ಹುಡುಗೂರು 'ಆಯಿ, ಸೆರಗ್ಯಾಕ ಜಿಡ್ಡಾತು' ಅಂತ ಕುಣೀತಿದ್ವು. 'ನಿಮಗ ಬಡಿಸಿ ಬಡಿಸಿ ಜಿಡ್ಡಾತ್ರೋ' ಅಂತಿದ್ದೆ. ಅಲ್ಲಿಗೆ ಮುಗದಿತ್ತು."

"ಆದ್ರ ಭಾವ ಹೇಳಿದ್ರು, ನೀವು ಮಾತ ಬಿಟ್ಟೀರಿ ಅಂತ..."

"ಪದಾ ಕಟ್ಟಾಕತ್ತಿದ್ದೆನೋ ತಮ್ಮಾ! ಪದಾ ಕಟ್ಟೂ ಮುಂದ ಯಾರರ ಮಾತಾಡತಾರೇನು? ನಿಮ್ಮವ್ವ ಚಲೋ ಹೊಡದಿದ್ಲು. ಅದಕ್ಕಿಂತ ಜೋರ ಕಟ್ಟಬೇಕಾಗಿತ್ತು. ಪಂಚಮಿ ಆದ ಮ್ಯಾಲ ಸೊಸೀನ ಕರಿಯಾಕ ನಾನ ಬರಾಕಿದ್ದೆ. ನಿಮ್ಮ ಬಾಗಲದಾಗ ನಿಂತು ಹಾಡಿ, ಆಮ್ಯಾಲೆ ಒಳಗ ಕಾಲಿಡಾಕಿದ್ದೆ." ಅಷ್ಟು ಹೇಳುವಾಗ ಆಕೆಯ ಮುಖದಲ್ಲಿ ಒಂದು ಗಳಿಗೆ ಹಳೆಯ ಕಳೆ ಬಂತು, ಹೋಯಿತು. "ಅಷ್ಟರಾಗ ನೀನು ರೇಡಿಯೋದಾಗ ಸಾರಿದಿ. ಸಾವಂತ್ರವ್ವ ಕಳ್ಳಿ ಅಲ್ಲ ಅಂತ. ನನ್ನ ಯಾರರ ಕಳ್ಳಿ ಅಂದಿದ್ರೇನು?"

ನಾನು ತಂಬಿಗೆ ಕೆಳಗಿಟ್ಟೆ.

"ಸುವರ್ಣಾ ನಕ್ಕಿದ್ದು ಕೇಳಿ ನನಗ ಭಾಳ ಖುಷಿ ಆಗಿತ್ತು. ಬಂದಾಗಿಂದ ನಮ್ಮ ಮನ್ಯಾಗ ಆಕಿ ಹಂಗ ನಕ್ಕಿರಲಿಲ್ಲ. ಅಂಜಿಕೋತ ಇದ್ಲು. ಈಗ ನಮ್ಮ ಹುಡುಗಿ ಆದ್ಲು ಅನ್ಕೊಂಡೆ. ಆ ನಗೂಗೂ ನೀನು ತಪ್ಪಾತು ಅನಿಸಿದಿ. ನನ್ನ ಸೊಸಿ ನನ್ನ ಜೋಡಿ ಮಾತಾಡಾಕ ರೇಡಿಯೋ ಬೇಕಾತೇನು? ಫೋನ್ ಇರಲಿಲ್ಲೇನು?"

ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ಕಣ್ಣು ತುಂಬಿ ಬಂದವು. ಅಂಥ ಹೊತ್ತಿನಲ್ಲೂ ನನ್ನ ಹುಚ್ಚು ಬಿಡಲಿಲ್ಲ ನೋಡಿ. "ಅತ್ತಿ, ನೀವು ಕಟ್ಟಿದ ಪದಾ ಬಂದು ಹಾಡ್ರಿ. ನಮ್ಮವ್ವನ ಹೆಸರ ಹಿಡದು ಬೇಕಾದಂಗ ಬೈರಿ. ನಾವು ರೇಡಿಯೋದಾಗ..." ಅಂದೆ.

ಆಕೆ ನನ್ನನ್ನು ದಿಟ್ಟಿಸಿ ನೋಡಿದಳು. ಸಿಟ್ಟಿಗಿಂತ ಮರುಕವೇ ಹೆಚ್ಚಿತ್ತು ಅನ್ನಿಸುತ್ತದೆ. "ಬ್ಯಾಡೋ ತಮ್ಮಾ. ಈಗ ಹಾಡಿದ್ರ ಜಗಳ ಅನಸ್ತೈತಿ. ಆ ಪದಾ ಹೋತು." ಮತ್ತೆ ಮೊರ ಕೈಗೆ ತೆಗೆದುಕೊಂಡಳು. "ಹುಡುಗಿದೇನೂ ತಪ್ಪಿಲ್ಲ. ಬರೂ ಸೋಮವಾರ ಪ್ರಕಾಶನ್ನ ಕಳಸ್ತೇನಿ. ಆಕಿಗೆ ಬುತ್ತಿ ಕಟ್ಟಿ ಇಡಾಕ ಹೇಳು ನಿಮ್ಮವ್ವಗ. ಚಾ ಮಾಡ್ಲಿ?"

ಬೇಡ ಅನ್ನುವ ಧೈರ್ಯವೂ ಆಗಲಿಲ್ಲ. ಕುಡಿದೆ.

ಸೋಮವಾರ ಪ್ರಕಾಶ ಒಬ್ಬನೇ ಬಂದ. ಸುವರ್ಣಾ ಹೋದಳು. ಗಾಡಿ ಹತ್ತುವಾಗ ನನ್ನ ಕಡೆ ನೋಡಿ "ಹೋಗಿ ಬರ್ತೇನಿ ಅಣ್ಣಾ" ಅಂದಳು. ಅಷ್ಟು ದಿನದ ಮೇಲೆ ಆ ಒಂದು ಮಾತು. ಅವ್ವನಿಗೆ ಮಾತ್ರ ನಾನು ಅರ್ಧ ಹೇಳಿದೆ, ಅರ್ಧ ಬಿಟ್ಟೆ. ಸಾವಂತ್ರವ್ವ ಹಾಡಿಗೆ ನಕ್ಕಿದ್ದಳು, ಪದ ಕಟ್ಟಿಟ್ಟಿದ್ದಳು ಎಂಬುದನ್ನು ನುಂಗಿಬಿಟ್ಟೆ. ಅದನ್ನು ಹೇಳಿದರೆ ಎಲ್ಲವನ್ನೂ ಕೆಡಿಸಿದ್ದು ಹಾಡಲ್ಲ, ಮಗನ ಬಾಯಿ ಎಂದು ಗೊತ್ತಾಗುತ್ತಿತ್ತು. ಅವ್ವ ತನ್ನ ಹಾಡಿನಿಂದಲೇ ಬೀಗತಿಯ ಕೆಲಸ ಹೋಯಿತೆಂದು ತಿಳಿದಳು. ತಿಳಿಯಲಿ ಅಂತ ಬಿಟ್ಟೆ. ನಾಚಿಕೆಗೇಡಿ ಅಂದರೆ ಇನ್ನು ಹೇಗಿರುತ್ತಾರೆ?

ದಸರೆಯ ಹೊತ್ತಿಗೆ ನನಗೆ ನೌಕರಿಯ ಆದೇಶ ಬಂತು, ಇಂಡಿಗೆ ಹೊರಟುಬಂದೆ. ರೇಡಿಯೋ ಇನ್ನೂ ನಡೆದಿದೆ. ಮಾಸ್ತರರು ಈಗಲೂ ಹಾಡುವವರನ್ನು ಹುಡುಕಿಕೊಂಡು ಬಸ್ಸು ಹತ್ತುತ್ತಾರಂತೆ. ಸಾವಂತ್ರವ್ವನ ಜಾಗಕ್ಕೆ ಶಾಲೆಯಲ್ಲಿ ಬೇರೊಬ್ಬಾಕೆ ಬಂದಳು.

ಮುಂದಿನ ವರ್ಷ ಸುವರ್ಣಾಳಿಗೆ ಹೆಣ್ಣುಮಗು ಹುಟ್ಟಿತು. ತೊಟ್ಟಿಲ ಕಾರ್ಯ ನಮ್ಮ ಮನೆಯಲ್ಲೇ. ಡಿ.ಜೆ. ಇರಲಿಲ್ಲ. ಬೀಗರ ಕಡೆಯ ಹೆಂಗಸರು ತೊಟ್ಟಿಲು, ಕುಬುಸ, ಹೂವು ತಂದು ಪಡಸಾಲೆಯ ಆ ಬದಿಗೆ ಕುಳಿತರು, ನಮ್ಮವರು ಈ ಬದಿಗೆ. ಅವರ ಕಡೆಯಿಂದ ಹಾಡು ಶುರುವಾಯಿತು. ಹಾಡಿದವಳು ಸಾವಂತ್ರವ್ವನ ನೆಗೆಣ್ಣಿ, ಮೈದುನನ ಹೆಂಡತಿ ಕಸ್ತೂರಿ. "ನೀಲವ್ವ ಬೀಗತಿ" ಎಂದು ಹೆಸರು ಹಿಡಿದು ನಮ್ಮ ಅವ್ವನನ್ನು ಚೆನ್ನಾಗಿ ಜಾಡಿಸಿದಳು. ಅವ್ವ ನಕ್ಕು ನಕ್ಕು ಸುಸ್ತಾದಳು. ಸಾವಂತ್ರವ್ವ ತಾನು ಹಾಡಲಿಲ್ಲ. ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಮೆಲ್ಲಗೆ ತಟ್ಟುತ್ತಿದ್ದಳು.

ನಮ್ಮ ಸರದಿ ಬಂತು. ಎಲ್ಲರೂ ಅವ್ವನ ಕಡೆ ನೋಡಿದರು. ಅವ್ವ ಗಂಟಲು ಸರಿಮಾಡಿಕೊಂಡು ಎತ್ತಿದಳು. ಹೊಸ ಪದ, ಚಲೋ ಪದ. "ಬೀಗತಿ" ಅನ್ನುವ ತನಕ ಬಂದಳು. ಹೆಸರು ಬರಬೇಕಾದ ಕಡೆ ದನಿ ನಿಂತಿತು. ಸಾವಂತ್ರವ್ವ ತಟ್ಟುವ ಕೈ ನಿಲ್ಲಿಸಿ ತಲೆ ಎತ್ತಿದ್ದಳು. ಅವ್ವ ಬಾಗಿಲಲ್ಲಿ ನಿಂತ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಅವ್ವ "ಕಸ್ತೂರಿ" ಎಂದು ಸೇರಿಸಿ ಮುಂದೆ ಹೋದಳು. ಕಸ್ತೂರಿ ಖುಷಿಯಿಂದ ಚೀರಿದಳು, ಎಲ್ಲರೂ ನಕ್ಕರು. ಸಾವಂತ್ರವ್ವ ಬಗ್ಗಿ ಮಗುವಿನ ಕುಂಚಿಗೆ ಸರಿಮಾಡಿದಳು.

ಸಂಜೆ ಬೀಗರನ್ನು ಗಾಡಿ ಹತ್ತಿಸುವಾಗ ಆಕೆ ಕೊನೆಯವಳಾಗಿ ಹತ್ತಿದಳು. ಕೈ ಹಿಡಿದು ಹತ್ತಿಸಿದೆ. ಕೂತ ಮೇಲೆ, ಬೇರೆಯವರಿಗೆ ಕೇಳದ ಹಾಗೆ, ನನ್ನ ಕಿವಿಯ ಹತ್ತಿರ ಬಂದು ಹೇಳಿದಳು: "ತಮ್ಮಾ, ನಿಮ್ಮವ್ವಗ ಹೇಳು. ನಾ ಇನ್ನೂ ಆಕಿ ಬೀಗತಿ ಅದೇನಿ ಅಂತ."

ಹೂಂ ಅಂದೆ. ಆ ಮಗು ಈಗ ಅಂಗನವಾಡಿಗೆ ಹೋಗುತ್ತದೆ. ಅದಾದ ಮೇಲೆ ಬಸುರಿಯರ ಕುಬುಸ, ಮಕ್ಕಳ ಜವಳ ಅಂತ ಎರಡೂ ಕಡೆ ಎಷ್ಟೋ ಕಾರ್ಯಗಳಾದವು. ಪ್ರತಿ ಸಲವೂ ಅವ್ವ ಕಸ್ತೂರಿಯ ಹೆಸರು ಹಿಡಿದೇ ಹಾಡುತ್ತಾಳೆ, ಪ್ರತಿ ಸಲವೂ ಸಾವಂತ್ರವ್ವ ತಲೆ ಎತ್ತಿ ಮೊದಲು ಅವ್ವನ ಕಡೆ, ಆಮೇಲೆ ನನ್ನ ಕಡೆ ನೋಡುತ್ತಾಳೆ. ಅವ್ವನಿಗೆ ನಾನು ಇನ್ನೂ ಹೇಳಿಲ್ಲ.